ಬುಟ್ಟಿಯೊಳಗಿನ ಭೂಗೋಳ

ಕೋಳಿ ಕೂಗುವ ಹೊತ್ತಿಗೇ ಹಳ್ಳಿಯ ಬಸ್ ನಿಲ್ದಾಣದ ಕಟ್ಟೆಗೆ ಗಂಟುಗಳು ಬಂದು ಸೇರುತ್ತವೆ. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಮೆಂತೆ, ಸಬ್ಬಸಿಗೆ, ರಾಜಗಿರಿ. ಬಿದಿರಿನ ಬುಟ್ಟಿಯಲ್ಲಿ ಇಬ್ಬನಿ ಆರದ ಮುಳಗಾಯಿ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ನಾಲ್ಕು ಸೇರು ಮಡಿಕೆಕಾಳು. ಗಂಟುಗಳ ಪಕ್ಕದಲ್ಲಿ ಸೆರಗು ಹೊದ್ದು ಕುಳಿತ ಹೆಂಗಸರು ರಸ್ತೆಯ ತಿರುವಿನತ್ತಲೇ ನೋಡುತ್ತಿರುತ್ತಾರೆ. ಮೊದಲ ಬಸ್ಸು ಸಿಕ್ಕರೆ ಒಳ್ಳೆಯ ಜಾಗ ಸಿಗುತ್ತದೆ. ಎರಡನೆಯ ಬಸ್ಸಿಗೆ ಹೋದವರಿಗೆ ಬಿಸಿಲಿನ ಜಾಗವೇ ಗತಿ. ಅಂದು ಸಂತೆ.

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳನ್ನು ವಿದ್ಯಾರ್ಥಿಗಳು ಇತಿಹಾಸದ ಪುಸ್ತಕದಲ್ಲಿ ಓದಿರುತ್ತಾರೆ. ಕಿತ್ತೂರು ಎಂದರೆ 1824ರ ಅಕ್ಟೋಬರ್ 23, ರಾಣಿ ಚನ್ನಮ್ಮ, ಕಲೆಕ್ಟರ್ ಥ್ಯಾಕರೆಯ ಸಾವು. ಬೈಲಹೊಂಗಲ ಎಂದರೆ ಅದೇ ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ ಊರು, ಅವಳ ಸಮಾಧಿ ಇರುವ ಊರು. ಸವದತ್ತಿ ಎಂದರೆ ರಟ್ಟರ ರಾಜಧಾನಿ, ಎಲ್ಲಮ್ಮನ ಗುಡ್ಡ. ರಾಮದುರ್ಗ ಎಂದರೆ ಭಾವೆ ಮನೆತನದ ಪುಟ್ಟ ಸಂಸ್ಥಾನ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಊರುಗಳ ಕೋಟೆ ಬಿದ್ದ ಮೇಲೂ, ಅರಮನೆ ಪಾಳು ಬಿದ್ದ ಮೇಲೂ, ಸಂಸ್ಥಾನ ವಿಲೀನವಾದ ಮೇಲೂ ವಾರ ತಪ್ಪದೆ ಮುಂದುವರಿದ ಒಂದು ಸಂಸ್ಥೆ ಇದೆ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಫಲಕವಿಲ್ಲ. ಬೆಳಿಗ್ಗೆ ನೆರೆದು ಸಂಜೆಗೆ ಕರಗುವ ಆ ಸಂತೆಯನ್ನು ನೋಡಲು ಬರುವ ಪ್ರವಾಸಿಗರು ಕಡಿಮೆ. ನೋಡಬೇಕಾದ್ದು ಮಾತ್ರ ಅಲ್ಲಿ ಬಹಳ ಇದೆ.

ಪಶ್ಚಿಮದಿಂದ ಪೂರ್ವಕ್ಕೆ

ಭೂಪಟವನ್ನು ಬಿಡಿಸಿಟ್ಟುಕೊಂಡು ನೋಡಿದರೆ ಈ ನಾಲ್ಕು ಊರುಗಳ ಸಾಲು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಧಾರವಾಡ ಮತ್ತು ಬೆಳಗಾವಿಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿ ಕಿತ್ತೂರು. ಅದರ ಈಶಾನ್ಯಕ್ಕೆ ಬೈಲಹೊಂಗಲ. ಇನ್ನೂ ಪೂರ್ವಕ್ಕೆ ಸವದತ್ತಿ. ಕೊನೆಗೆ ಬಾಗಲಕೋಟೆ ಜಿಲ್ಲೆಯ ಗಡಿಯ ಕಡೆಗೆ ರಾಮದುರ್ಗ. ನಾಲ್ಕರಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಹಿಂದೆ ಚಕ್ಕಡಿ, ಈಗ ಬಸ್ಸು, ಟಂಟಂ, ಟ್ರ್ಯಾಕ್ಟರು. ರೈಲು ಬಾರದ ಊರಿಗೆ ಸುತ್ತಲಿನ ಹಳ್ಳಿಗಳೇ ಆಧಾರ. ಸಂತೆ ಗಟ್ಟಿಯಾಗಿ ಉಳಿಯಲು ಇದೂ ಒಂದು ಕಾರಣ.

ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಸುರಿಯುವ ಮುಂಗಾರು ಪೂರ್ವಕ್ಕೆ ಬಂದಂತೆಲ್ಲ ತೆಳ್ಳಗಾಗುತ್ತದೆ. ಮಲಪ್ರಭಾ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಳೆ ಜಡಿಯುವ ಕಾಡಿನ ನಡುವೆ. 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮುನ್ನ ಅದು ಹಸಿರು ಸೀಮೆಯಿಂದ ಒಣ ಬಯಲಿಗೆ ಇಳಿಯುತ್ತದೆ. ಶಾಲೆಯಲ್ಲಿ ಇದಕ್ಕೆ ಮಳೆನೆರಳಿನ ಪ್ರದೇಶ ಎಂದು ಹೇಳಿಕೊಡುತ್ತಾರೆ. ಪಾಠ ಕೇಳಿ ಅರ್ಥವಾಗದ ಹುಡುಗನಿಗೆ ನಾಲ್ಕು ಸಂತೆ ಸುತ್ತಿಸಿದರೆ ಅರ್ಥವಾಗುತ್ತದೆ.

ಕಿತ್ತೂರಿನ ಸಂತೆಗೆ ಮಲೆನಾಡಿನ ಸೆರಗಿನ ವಾಸನೆ ಇದೆ. ಭತ್ತದ ಸೀಮೆ ಹತ್ತಿರ. ಅಕ್ಕಿ, ಅವಲಕ್ಕಿ, ಚುರಮರಿಯ ರಾಶಿಗಳು ಕಣ್ಣಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಮಾವು, ಹಲಸು. ಮಳೆಗಾಲದ ಆರಂಭದಲ್ಲಿ ಕಾಡಂಚಿನ ಹಳ್ಳಿಗಳಿಂದ ಕಳಲೆ, ಅಣಬೆ. ಬೈಲಹೊಂಗಲಕ್ಕೆ ಬಂದರೆ ನೆಲದ ಬಣ್ಣವೇ ಬೇರೆ. ಅದು ಎರೆಮಣ್ಣಿನ ಸೀಮೆ. ಬಿಳಿಜೋಳ, ಗೋಧಿ, ಕಡಲೆ, ಹತ್ತಿ ಬೆಳೆದು ಹೆಸರಾದ ಊರು. ಅಲ್ಲಿನ ಕಾಳಿನ ಸಾಲು ಉದ್ದ. ಸವದತ್ತಿಯಲ್ಲಿ ಜೋಳ, ಗೋಧಿಗಳ ಜೊತೆಗೆ ಕುಸುಬಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ರಾಮದುರ್ಗಕ್ಕೆ ಹೋದರೆ ಸಜ್ಜೆ, ಹೆಸರು, ಹುರುಳಿ, ಶೇಂಗಾ. ಕಡಿಮೆ ನೀರು ಕುಡಿದು ಬದುಕುವ ಬೆಳೆಗಳದ್ದೇ ಅಲ್ಲಿ ಹಿರಿತನ. ಒಂದೇ ತಿಂಗಳಲ್ಲಿ ನಾಲ್ಕೂ ಸಂತೆಗಳ ಬುಟ್ಟಿಗಳನ್ನು ನೋಡಿ ಬಂದವನಿಗೆ ಮಳೆಯ ಅಂಕಿ ಅಂಶ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಅಕ್ಕಿ ಎಲ್ಲಿ ತೆಳ್ಳಗಾಗಿ ಜೋಳ ಶುರುವಾಯಿತು, ಜೋಳದ ಪಕ್ಕ ಸಜ್ಜೆ ಎಲ್ಲಿ ಬಂದು ಕುಳಿತಿತು ಎಂಬುದನ್ನು ನೆನಪಿಟ್ಟರೆ ಸಾಕು.

ಊಟವೂ ಹಾಗೆಯೇ ಬದಲಾಗುತ್ತದೆ. ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಬಯಲುಸೀಮೆಯ ಸಂತೆಯಲ್ಲಿ ಸಜ್ಜೆ, ಎಳ್ಳು, ಗುರೆಳ್ಳು, ಶೇಂಗಾ, ಬೆಲ್ಲಕ್ಕೆ ಕೈ ಬಿಡುವಿರುವುದಿಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಬಂಧುಬಳಗದೊಡನೆ ಉಣ್ಣುವ ಹಬ್ಬ ಅದು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಮುಳಗಾಯಿ ಎಣ್ಣೆಗಾಯಿ, ಮೊಳಕೆಕಾಳಿನ ಪಲ್ಯ. ಇಷ್ಟಕ್ಕೂ ಬೇಕಾದ್ದು ಸಂತೆಯ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಸವದತ್ತಿಯಲ್ಲಿ ಇನ್ನೊಂದು ವಿಶೇಷ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಅಲ್ಲಿಯೇ ಒಲೆ ಹೂಡಿ ಅಡಿಗೆ ಮಾಡಿ, ಹೋಳಿಗೆ, ಕಡಬು, ಪಲ್ಯಗಳಿಂದ ಪಡ್ಡಲಗಿ ತುಂಬಿಸಿ ದೇವಿಗೆ ಎಡೆ ತೋರಿಸುವುದು ರೂಢಿ. ಆ ದಿನಗಳಲ್ಲಿ ಪೇಟೆಯ ಸೊಪ್ಪು ತರಕಾರಿಗೆ ಬರುವ ಬೆಲೆಯೇ ಬೇರೆ. ಹುಣ್ಣಿಮೆಯನ್ನು ಲೆಕ್ಕ ಹಾಕಿ ಸೊಪ್ಪಿನ ಬೀಜ ಚೆಲ್ಲುವುದು ಇಲ್ಲಿ ಜಾಣ ರೈತನ ಲಕ್ಷಣ.

ವಾರದ ಹೆಸರು ಹೊತ್ತ ಓಣಿಗಳು

ಕಿತ್ತೂರಿನಲ್ಲಿ ಸೋಮವಾರ ಪೇಟೆ, ಗುರುವಾರ ಪೇಟೆ ಎಂಬ ಹೆಸರುಗಳಿವೆ. ಪುಣೆಯಲ್ಲಿ ಬುಧವಾರ, ಶುಕ್ರವಾರ, ಶನಿವಾರಗಳ ಹೆಸರಿನ ಪೇಟೆಗಳಿವೆ. ಕೊಡಗಿನಲ್ಲಿ ಸೋಮವಾರಪೇಟೆ ಎಂಬ ಊರೇ ಇದೆ. ವಾರದ ಹೆಸರು ಒಂದು ಓಣಿಗೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಸಂತೆಯ ಕಾರಣದಿಂದ. ಪೇಟೆ ಕಟ್ಟಿದ ದೊರೆ ಅಲ್ಲಿ ಇಂಥ ದಿನ ವ್ಯಾಪಾರ ನಡೆಯಲಿ ಎಂದು ಗೊತ್ತು ಮಾಡುತ್ತಿದ್ದ. ದೊರೆಯ ಹೆಸರು ಮರೆತುಹೋದರೂ ವಾರದ ಹೆಸರು ಉಳಿಯುತ್ತಿತ್ತು.

ಆಫ್ರಿಕಾದಲ್ಲಿ ಇದರ ತಿರುವುಮುರುವು ನೋಡಬಹುದು. ನೈಜೀರಿಯಾದ ಇಗ್ಬೋ ಜನರ ಸಾಂಪ್ರದಾಯಿಕ ವಾರಕ್ಕೆ ನಾಲ್ಕೇ ದಿನ. ಎಕೆ, ಓರಿಯೆ, ಅಫೊ, ಎನ್‌ಕ್ವೊ. ಈ ನಾಲ್ಕೂ ಹೆಸರುಗಳು ಅಲ್ಲಿನ ಸಂತೆಗಳಿಗೂ ಸಲ್ಲುತ್ತವೆ. ಕಿತ್ತೂರಿನಲ್ಲಿ ದಿನ ಪೇಟೆಗೆ ಹೆಸರು ಕೊಟ್ಟಿತು. ಅಲ್ಲಿ ದಿನ ಮತ್ತು ಸಂತೆ ಬೇರೆ ಮಾಡಲಾಗದಂತೆ ಒಂದೇ ಹೆಸರಿನಲ್ಲಿ ಬೆರೆತುಹೋದವು. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಕಾಲವನ್ನು ಅಳೆಯಲು ಸಂತೆಯನ್ನೇ ಆರಿಸಿಕೊಂಡವು ಎಂಬುದು ಸಣ್ಣ ಸಂಗತಿಯಲ್ಲ.

ಒಂದು ಊರಿನ ಸಂತೆ ಒಂದು ದಿನವಾದರೆ ಪಕ್ಕದ ಊರಿನದು ಇನ್ನೊಂದು ದಿನ. ಏಕೆ? ವಾರಕ್ಕೊಮ್ಮೆ ಉಪ್ಪು, ಬೆಲ್ಲ, ಬಳೆ ಕೊಳ್ಳುವ ಹಳ್ಳಿಗರನ್ನು ನಂಬಿ ಒಬ್ಬ ವ್ಯಾಪಾರಿ ಒಂದೇ ಊರಿನಲ್ಲಿ ಅಂಗಡಿ ಇಟ್ಟರೆ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಅವನು ಅಂಗಡಿಯನ್ನೇ ಗಂಟು ಕಟ್ಟಿಕೊಂಡು ದಿನಕ್ಕೊಂದು ಊರು ತಿರುಗುತ್ತಾನೆ. ಹಳ್ಳಿಗನಿಗೆ ಹತ್ತಿರದಲ್ಲಿ ವಾರಕ್ಕೊಂದು ಪೇಟೆ, ವ್ಯಾಪಾರಿಗೆ ವಾರವಿಡೀ ಗಿರಾಕಿ. ಅಮೆರಿಕದ ಮಾನವಶಾಸ್ತ್ರಜ್ಞ ಜಿ. ವಿಲಿಯಂ ಸ್ಕಿನ್ನರ್ ಚೀನದ ಹಳ್ಳಿಸಂತೆಗಳನ್ನು ಕುರಿತು 1964-65ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ರೈತನ ನಿಜವಾದ ಲೋಕದ ಎಲ್ಲೆ ಅವನ ಹಳ್ಳಿಯಲ್ಲ, ಅವನು ನಡೆದು ಹೋಗಿ ಬರುವ ಸಂತೆಯ ಸೀಮೆ ಎಂದು ಸ್ಕಿನ್ನರ್ ವಾದಿಸಿದರು. ಬೈಲಹೊಂಗಲದ ಸುತ್ತಲಿನ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೀಗರ ಊರಿನ ಸುದ್ದಿ, ಕನ್ಯೆಯ ವಿಚಾರ, ಎತ್ತಿನ ಬೆಲೆ, ಯಾರದೋ ಸಾವು, ಎಲ್ಲವೂ ಅವರಿಗೆ ಸಿಗುತ್ತಿದ್ದುದು ಸಂತೆಯಲ್ಲಿಯೇ.

ಹಳಮೆಯ ಮಾತಿಗೆ ಬಂದರೆ ಸವದತ್ತಿಯೇ ಹಿರಿಯಕ್ಕ. ಶಾಸನಗಳು ಈ ಊರನ್ನು ಸುಗಂಧವರ್ತಿ ಎಂದು ಕರೆಯುತ್ತವೆ. ಮುಂದೆ ಬೆಳಗಾವಿಗೆ ರಾಜಧಾನಿ ಸಾಗಿಸಿದ ರಟ್ಟರು ಮೊದಲು ಇಲ್ಲಿಂದಲೇ ಆಳಿದರು. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ ಬೆಳಗಾವಿಯ 1204ರ ಶಾಸನದಲ್ಲಿ ವರ್ತಕರು ತಮ್ಮ ಸರಕಿನ ಮೇಲೆ ಜಿನಾಲಯಕ್ಕೆ ಬಿಟ್ಟುಕೊಟ್ಟ ಪಾಲಿನ ವಿವರ ಬರುತ್ತದೆ. ದೂರದ ಲಾಳ, ಮಲೆಯಾಳ ದೇಶಗಳ ವರ್ತಕರೂ ಅದರಲ್ಲಿದ್ದಾರೆ. ಎಂಟುನೂರು ವರ್ಷಗಳ ಹಿಂದೆ ಪೇಟೆಗೆ ಹೇರು ಇಳಿಸಿದವನು ದೇವರ ಪಾಲು ತೆಗೆದಿಡುತ್ತಿದ್ದ. ಇಂದು ಸೊಪ್ಪಿನ ಗಂಟು ಇಳಿಸಿದವಳು ನೆಲಬಾಡಿಗೆಯ ಚೀಟಿ ಪಡೆಯುತ್ತಾಳೆ. ಪಾಲು ಪಡೆಯುವವರು ಬದಲಾದರು, ಪಾಲು ಬದಲಾಗಲಿಲ್ಲ.

ರಾಮದುರ್ಗ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಸಂಸ್ಥಾನವಾಗಿತ್ತು. 1939ರ ಏಪ್ರಿಲ್‌ನಲ್ಲಿ ಅಲ್ಲಿನ ಪ್ರಜಾ ಚಳವಳಿ ರಕ್ತಪಾತಕ್ಕೆ ತಿರುಗಿ ದೇಶದ ಗಮನ ಸೆಳೆಯಿತು. ನೇಕಾರಿಕೆಗೂ ಊರು ಹೆಸರಾಗಿದೆ. ಅವಸರದ ಕೆಲಸಕ್ಕೆ ಕನ್ನಡದಲ್ಲಿ ಒಂದು ಗಾದೆಯಿದೆ: ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ. ವಾರವಿಡೀ ಸುಮ್ಮನಿದ್ದು ಸಂತೆಯ ದಿನ ಬೆಳಗಾದ ಮೇಲೆ ಮಗ್ಗಕ್ಕೆ ಕೂತವನನ್ನು ಕಂಡೇ ಈ ಮಾತು ಹುಟ್ಟಿರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಗಳಿಗೂ ಅದು ಒಪ್ಪುತ್ತದೆ.

ಲಾಭ, ಎರಡು, ಮೂರು

ಕಾಳಿನ ಸಾಲಿನಲ್ಲಿ ಒಂದು ಕ್ಷಣ ನಿಂತರೆ ಎಣಿಕೆಯ ರಾಗ ಕಿವಿಗೆ ಬೀಳುತ್ತದೆ. ಹಿರಿಯ ವ್ಯಾಪಾರಿ ಸೇರಿನಿಂದ ಕಾಳು ಅಳೆಯುವಾಗ ಮೊದಲ ಸೇರಿಗೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾನೆ. ಆಮೇಲೆ ಎರಡು, ಮೂರು, ನಾಲ್ಕು. ಕಣದಲ್ಲಿ ರಾಶಿ ಅಳೆಯುವಾಗಲೂ ಹೀಗೆಯೇ. ವ್ಯವಹಾರ ಶುಭದಿಂದ ಆರಂಭವಾಗಲಿ ಎಂಬ ಹಾರೈಕೆ ಅದು.

ಸೇರು, ಪಾವು, ಚಟಾಕು ಎಂಬ ಮಾತುಗಳು ಸರಕಾರಿ ಲೆಕ್ಕದಿಂದ ಹೋಗಿ ಅರವತ್ತು ವರ್ಷಗಳ ಮೇಲಾಯಿತು. ತೂಕ ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ಹೊಸ ಪೈಸೆಯ ರೂಪಾಯಿಯಾಯಿತು. 1958ರಿಂದ ಹಂತ ಹಂತವಾಗಿ ಕಿಲೋ, ಲೀಟರು ಬಂದು 1962ರ ಹೊತ್ತಿಗೆ ಕಡ್ಡಾಯವಾದವು. ಆದರೂ ಮುದುಕಿಯೊಬ್ಬಳು "ಪಾವ ಕಿಲೋ ಕೊಡೋ ತಮ್ಮಾ" ಎನ್ನುವಾಗ ಎರಡು ಯುಗಗಳು ಒಂದೇ ಮಾತಿನಲ್ಲಿ ಬರುತ್ತವೆ. ಸವ್ವಾ, ದೀಡ, ಅಡೀಚ ಎಂಬ ಮಾತುಗಳೂ ಹಾಗೆಯೇ ಉಳಿದಿವೆ. ಒಂದೂಕಾಲು, ಒಂದೂವರೆ, ಎರಡೂವರೆ ಎಂಬ ಭಿನ್ನರಾಶಿಗಳಿಗೆ ಒಂದೊಂದೇ ಶಬ್ದ. ಶಾಲೆಗೆ ಹೋಗದವರು ಈ ಭಿನ್ನರಾಶಿಗಳನ್ನು ಗುಣಿಸುವ ವೇಗ ಕಂಡರೆ ಹತ್ತನೆಯ ಇಯತ್ತೆಯ ವಿದ್ಯಾರ್ಥಿ ಕ್ಯಾಲ್ಕುಲೇಟರನ್ನು ಕಿಸೆಯಲ್ಲೇ ಇಟ್ಟುಕೊಳ್ಳುತ್ತಾನೆ.

ತಕ್ಕಡಿಯಲ್ಲಿಯೂ ಪಾಠವಿದೆ. ಪ್ರಾಮಾಣಿಕ ವ್ಯಾಪಾರಿ ಮೊದಲು ಬರಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾನೆ. ಅಷ್ಟಕ್ಕೆ ಸಂಶಯ ತೀರದ ಗಿರಾಕಿ ಸರಕನ್ನು ಕಲ್ಲಿನ ತಟ್ಟೆಗೂ ಕಲ್ಲನ್ನು ಸರಕಿನ ತಟ್ಟೆಗೂ ಅದಲು ಬದಲು ಮಾಡಿಸುತ್ತಾನೆ. ಎರಡೂ ಸಲ ಮುಳ್ಳು ನೆಟ್ಟಗೆ ನಿಂತರೆ ದಂಡದ ಎರಡು ತೋಳುಗಳೂ ಸಮ. ಇಲ್ಲವಾದರೆ ಒಂದು ತೋಳು ಉದ್ದ. ಭೌತಶಾಸ್ತ್ರದ ಸನ್ನೆಯ ಪಾಠ ಇದೇ. ಈಗ ಬಹಳಷ್ಟು ಕಡೆ ವಿದ್ಯುತ್ ತಕ್ಕಡಿ ಬಂದಿದೆ. ಅಂಕಿ ತಾನೇ ಮಿನುಗುತ್ತದೆ, ಅದಲು ಬದಲು ಮಾಡಿ ನೋಡುವ ಆಟ ನಿಂತಿದೆ.

ಆರಿಸುವುದೂ ಒಂದು ವಿದ್ಯೆ. ಬೆಂಡೆಕಾಯಿಯ ತುದಿ ಚಟ್ಟನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಮುಳಗಾಯಿ ಗಾತ್ರಕ್ಕೆ ಹಗುರಾಗಿ, ತೊಟ್ಟು ಹಸಿರಾಗಿ ಇರಬೇಕು. ಜೋಳದ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿದರೆ ಅದು ಒಣಗಿದ್ದೋ ಹಸಿಯೋ ಗೊತ್ತಾಗುತ್ತದೆ. ಹಸಿ ಜೋಳ ಕಣಜದಲ್ಲಿ ಮುಗ್ಗುತ್ತದೆ. ತಾಯಿ ಹೇಳಿಕೊಟ್ಟರೆ ಮಗಳಿಗೆ, ತಂದೆ ಹೇಳಿಕೊಟ್ಟರೆ ಮಗನಿಗೆ ಬರುವ ಈ ವಿದ್ಯೆಗೆ ಬೇರೆ ಪಠ್ಯಪುಸ್ತಕವಿಲ್ಲ.

ನೂರು ಸೂಡಿನ ಲೆಕ್ಕ

ಸಂತೆಯ ಕೊನೆಯ ಸಾಲಿನಲ್ಲಿ, ಬಹುಶಃ ಗಟಾರದ ಪಕ್ಕದಲ್ಲಿ, ನೆಲದ ಮೇಲೆ ಗೋಣಿ ಹಾಸಿ ಕುಳಿತ ಸೊಪ್ಪಿನವಳು ಇರುತ್ತಾಳೆ. ಅವಳ ದಿನ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಅಂಕಿಗಳು ಕಲ್ಪಿತ, ರೀತಿ ನಿಜ.

ಅವಳು ನೂರು ಸೂಡು ಮೆಂತೆ ತಂದಿದ್ದಾಳೆ ಎಂದು ಹಿಡಿಯೋಣ. ಬೆಳಿಗ್ಗೆ ಸೊಪ್ಪು ತಾಜಾ. ಸೂಡಿಗೆ ಹತ್ತು ರೂಪಾಯಿಯಂತೆ ನಲವತ್ತು ಹೋದವು, ನಾನ್ನೂರು ರೂಪಾಯಿ. ಮಧ್ಯಾಹ್ನ ಬಿಸಿಲಿಗೆ ಎಲೆ ಬಾಡಿತು. ಎರಡಕ್ಕೆ ಹದಿನೈದರಂತೆ ಮೂವತ್ತು ಹೋದವು, ಇನ್ನೂರಾ ಇಪ್ಪತ್ತೈದು. ಸಂಜೆ ಬಸ್ಸಿನ ಹೊತ್ತು. ಉಳಿದ ಮೂವತ್ತನ್ನು ಮೂರಕ್ಕೆ ಹತ್ತರಂತೆ ಕೊಟ್ಟಳು, ನೂರು. ಒಟ್ಟು 725 ರೂಪಾಯಿ. ಸೂಡಿಗೆ ಸರಾಸರಿ ಎಷ್ಟು? ಅವಸರದ ವಿದ್ಯಾರ್ಥಿ ಹತ್ತು, ಏಳೂವರೆ, ಮೂರು ಚಿಲ್ಲರೆ ಕೂಡಿಸಿ ಮೂರರಿಂದ ಭಾಗಿಸಿ 6.94 ಎನ್ನುತ್ತಾನೆ. ಸರಿಯಾದ ಉತ್ತರ 7.25. ಬೆಳಿಗ್ಗೆ ಹೆಚ್ಚು ಸೂಡು ಹೋದದ್ದರಿಂದ ಸರಾಸರಿ ಮೇಲೆ ಬಂತು. ಬೆಳಗಿನ ಮೊದಲ ಎರಡು ಗಂಟೆ ಅವಳಿಗೆ ಏಕೆ ಅಷ್ಟು ಮುಖ್ಯ, ಮೊದಲ ಬಸ್ಸಿಗಾಗಿ ಅಷ್ಟು ಧಾವಂತ ಏಕೆ ಎಂಬುದು ಈ ಲೆಕ್ಕದಿಂದ ಹೊಳೆಯುತ್ತದೆ.

ಈಗ ಕೊಸರಿನ ಮಾತು. ಐದು ಸೂಡು ಕೊಂಡವರು ಮೇಲೊಂದು ಕೊಸರು ಕೇಳುವುದು ಸಂತೆಯ ರೂಢಿ. ಬೆಳಗಿನ ನಲವತ್ತು ಸೂಡಿಗೆ ಎಂಟು ಕೊಸರು ಹೋದರೆ, ಸಂಜೆಗೆ ಮೂವತ್ತರ ಬದಲು ಇಪ್ಪತ್ತೆರಡೇ ಉಳಿಯುತ್ತವೆ. ಇಪ್ಪತ್ತೇಳು ರೂಪಾಯಿಯಷ್ಟು ಕಡಿಮೆ. ನೆಲಬಾಡಿಗೆ, ಗಂಟಿನ ಲಗೇಜು, ಒಂದು ಕಪ್ಪು ಚಹಾ ಇದರೊಳಗೇ ಆಗಬೇಕು. ಕೊಸರು ಕೇಳುವುದು ತಪ್ಪೆಂದಲ್ಲ. ಅದು ಕೊಟ್ಟವಳಿಗೂ ಪಡೆದವಳಿಗೂ ನಡುವೆ ಪರಿಚಯ ಬೆಳೆಸುವ ದಾರಿ. ಮುಂದಿನ ವಾರ ಅದೇ ಗಿರಾಕಿ ಅವಳನ್ನೇ ಹುಡುಕಿಕೊಂಡು ಬರುತ್ತಾಳೆ. ಆದರೆ ಕಾರಿನಿಂದ ಇಳಿದು, ಸಂಜೆಯ ಬಾಡಿದ ಸೂಡಿಗೆ ಚೌಕಾಸಿ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಬುಟ್ಟಿ ಸಣ್ಣದಾಗುತ್ತಿದೆ

ಸಂತೆಯ ಮುಂದಿನ ಸಾಲುಗಳಲ್ಲಿ ಈಗ ಕಾಣುವ ಟೊಮೆಟೊ, ಎಲೆಕೋಸು, ಆಲೂಗಡ್ಡೆ, ಗಜ್ಜರಿಗಳಲ್ಲಿ ಬಹುಪಾಲು ದೊಡ್ಡ ಊರುಗಳ ಸಗಟು ಪೇಟೆಯಿಂದ ಲಾರಿ, ಟೆಂಪೊಗಳಲ್ಲಿ ಬಂದವು. ಕಿತ್ತೂರಿನಲ್ಲೂ ಅವೇ, ರಾಮದುರ್ಗದಲ್ಲೂ ಅವೇ, ಬೆಂಗಳೂರಿನಲ್ಲೂ ಅವೇ. ಮಳೆ ಎಲ್ಲಿ ಎಷ್ಟು ಬಿತ್ತು ಎಂಬುದನ್ನು ಅವು ಹೇಳುವುದಿಲ್ಲ. ನೆಲದ ಗುರುತು ಹೇಳುವ ಸರಕು ಹಿಂದಿನ ಸಾಲಿಗೆ, ಸೊಪ್ಪಿನವಳ ಗೋಣಿಯ ಮೇಲಕ್ಕೆ ಸರಿದಿದೆ.

ಆ ಗೋಣಿಯ ಮೇಲಿನ ಬಗೆಗಳೂ ಕಡಿಮೆಯಾಗುತ್ತಿವೆ. ಕಾರಣ ಹೊಲದಲ್ಲಿದೆ. ಜೋಳದ ಹೊಲದಲ್ಲಿ ನಡು ನಡುವೆ ತೊಗರಿ, ಅಲಸಂದಿ, ಮಡಿಕೆ, ಪುಂಡಿ ಹಾಕುವ ಅಕ್ಕಡಿ ಸಾಲಿನ ಪದ್ಧತಿ ಈ ಸೀಮೆಯ ಹಳೆಯ ಬುದ್ಧಿವಂತಿಕೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು, ಜೊತೆಗೆ ಮನೆಯ ಹೆಂಗಸಿಗೆ ಸಂತೆಗೆ ಒಯ್ಯಲು ಏನಾದರೂ ಇರುತ್ತಿತ್ತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡು ರೇಣುಕಾಸಾಗರ ತುಂಬಿತು. ನೀರು ಬಂದಲ್ಲಿ ಕಬ್ಬು, ಗೋವಿನಜೋಳ ಬಂದವು. ಬೈಲಹೊಂಗಲದ ಕಡೆ ಸೋಯಾ ಅವರೆ ಹಬ್ಬಿತು. ರೈತನ ಕೈಗೆ ಒಟ್ಟಿಗೆ ದುಡ್ಡು ಬಂತು, ಮಕ್ಕಳು ಕಾಲೇಜು ಹತ್ತಿದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಡೀ ಹೊಲಕ್ಕೆ ಒಂದೇ ಬೆಳೆ ಬಂದಾಗ ಅಕ್ಕಡಿ ಸಾಲು ಮಾಯವಾಯಿತು. ಕಳೆನಾಶಕ ಸಿಂಪಡಿಸಿದಾಗ ಹಿಂಗಾರಿ ಹೊಲದಲ್ಲಿ ತಾನಾಗಿ ಬೆಳೆಯುತ್ತಿದ್ದ ಹಕ್ಕರಕಿಯಂಥ ಸೊಪ್ಪುಗಳೂ ಹೋದವು. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಆ ಸೊಪ್ಪನ್ನು ಗುರುತಿಸುವ ಮಕ್ಕಳು ಇಂದು ಎಷ್ಟಿದ್ದಾರೆ? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಗ ನಗರಗಳ ಮಳಿಗೆಗಳಲ್ಲಿ ಬಣ್ಣದ ಪೊಟ್ಟಣಗಳಲ್ಲಿ ಮೆರೆದ ಸಜ್ಜೆ, ರಾಮದುರ್ಗದ ಸಂತೆಗೆ ಹೊಸ ಮುಖವಲ್ಲ.

ಸಂತೆಗೆ ಬಂದ ಪೆಟ್ಟುಗಳೂ ಕಡಿಮೆಯಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲ್ಲೂಕಿನ ನದಿದಂಡೆಯ ಹಳ್ಳಿಗಳು ಮುಳುಗಿದವು. ಹೊಲವೂ ಹೋಯಿತು, ಸಂತೆಗೆ ಒಯ್ಯಬೇಕಾದ ಬೆಳೆಯೂ ಹೋಯಿತು. ಆ ಗಾಯ ಮಾಯುವ ಮುನ್ನವೇ 2020ರ ಮಾರ್ಚ್‌ನಲ್ಲಿ ಕೋವಿಡ್ ದಿಗ್ಬಂಧನ ಬಂತು. ರಾಜ್ಯದಲ್ಲೆಲ್ಲ ವಾರದ ಸಂತೆಗಳು ನಿಂತವು. ಯುದ್ಧಕ್ಕೂ ಬರಕ್ಕೂ ಜಗ್ಗದ ಸಂತೆ ಅಂದು ವಾರಗಟ್ಟಲೆ ನೆರೆಯಲಿಲ್ಲ. ಕೊಯ್ಲಿಗೆ ಬಂದ ಸೊಪ್ಪು ತರಕಾರಿ ಹೊಲದಲ್ಲೇ ಕೊಳೆಯಿತು. ಸಂತೆ ಎಂಬುದು ಎಷ್ಟು ಒಲೆಗಳನ್ನು ಉರಿಸುತ್ತದೆ ಎಂಬುದು ಅದು ನಿಂತಾಗಲೇ ಗೊತ್ತಾದದ್ದು.

ಒಳ್ಳೆಯ ಬದಲಾವಣೆಗಳೂ ಇವೆ. 2014ರಲ್ಲಿ ಬಂದ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣಗಳಲ್ಲಿ ನೆಲದ ಮೇಲೆ ಕುಳಿತು ಮಾರುವವರ ಜೀವನೋಪಾಯಕ್ಕೂ ರಕ್ಷಣೆ ಬೇಕೆಂದು ಒಪ್ಪಿಕೊಂಡಿತು. 2023ರ ಜೂನ್ 11ರಂದು ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾಯಿತು. ಸೊಪ್ಪಿನವಳ 725 ರೂಪಾಯಿಯಲ್ಲಿ ಬಸ್ಸಿನ ಚಾರ್ಜಾಗಿ ಹೋಗುತ್ತಿದ್ದ ಪಾಲು ಈಗ ಅವಳ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಗೋಣಿಯ ಮೂಲೆಗೆ ಒಂದು ಕಲ್ಲಿನ ಆಸರೆ ಕೊಟ್ಟು ಕ್ಯೂಆರ್ ಫಲಕ ನಿಲ್ಲಿಸಿಕೊಂಡವರೂ ಇದ್ದಾರೆ. ಗಿರಾಕಿಯ ಫೋನು ಸದ್ದು ಮಾಡುತ್ತದೆ, ದುಡ್ಡು ಬಂತೇ ಎಂದು ಮೊಮ್ಮಗನನ್ನು ಕೇಳುತ್ತಾರೆ. ಅಜ್ಜಿಯ ಪಕ್ಕ ಕುಳಿತ ಆ ಮೊಮ್ಮಗನಿಗೆ ರಜೆಯಿದ್ದರೆ ಅಷ್ಟು ಹೊತ್ತು ಅಂಗಡಿಯ ಲೆಕ್ಕವೂ ಅವನದೇ.

ಸಂಜೆಯ ಬಸ್ಸು

ಬಿಸಿಲು ಇಳಿಯುತ್ತಿದ್ದಂತೆ ಸಂತೆಯ ದನಿ ಬದಲಾಗುತ್ತದೆ. ಬೆಳಗಿನ ಕೂಗಿನಲ್ಲಿ ಗತ್ತು ಇತ್ತು. ಸಂಜೆಯ ಕೂಗಿನಲ್ಲಿ ಅವಸರ. "ಮೂರಕ್ಕ ಹತ್ತ, ಮೂರಕ್ಕ ಹತ್ತ." ಮಿರ್ಚಿ ಭಜಿಯ ಕಡಾಯಿಯ ಸುತ್ತ ಗುಂಪು ಕೂಡುತ್ತದೆ. ಚುರಮರಿಗೆ ಉಳ್ಳಾಗಡ್ಡಿ, ಖಾರ, ಎಣ್ಣೆ ಕಲೆಸಿ ಕಾಗದದಲ್ಲಿ ಕಟ್ಟಿಸಿಕೊಂಡ ತಂದೆಯೊಬ್ಬ ಮನೆಯಲ್ಲಿ ಕಾಯುತ್ತಿರುವ ಮಕ್ಕಳಿಗಾಗಿ ಬೆಂಡು ಬತ್ತಾಸನ್ನೂ ಚೀಲಕ್ಕೆ ಹಾಕುತ್ತಾನೆ. ಸಂತೆಗೆ ಹೋದವರು ಬರಿಗೈಯಲ್ಲಿ ಮನೆಗೆ ಬರಬಾರದು ಎಂಬುದು ಇಲ್ಲಿ ಬರೆಯದ ಕಾನೂನು.

ಆ ತಂದೆ ಮುಂದಿನ ವಾರ ಮಗನನ್ನೋ ಮಗಳನ್ನೋ ಜೊತೆಗೆ ಕರೆತಂದರೆ ಬೆಂಡು ಬತ್ತಾಸಿಗಿಂತ ದೊಡ್ಡದೊಂದು ಅವರಿಗೆ ಸಿಗುತ್ತದೆ. ಕೈಗೆ ನೂರು ರೂಪಾಯಿ ಕೊಟ್ಟು, ನಾಲ್ಕು ಸಾಮಾನಿನ ಹೆಸರು ಹೇಳಿ, ಹತ್ತು ಹೆಜ್ಜೆ ಹಿಂದೆ ನಿಂತರೆ ಸಾಕು. ಯಾವ ಕಾಯಿ ಎಳೆಯದು, ಯಾವ ತಕ್ಕಡಿ ಸರಿ, ಎಷ್ಟಕ್ಕೆ ಕೇಳಬೇಕು, ಎಲ್ಲಿ ಕೇಳಬಾರದು, ಈ ಬುಟ್ಟಿ ಯಾವ ಊರಿನಿಂದ ಬಂತು, ಅಲ್ಲಿ ಮಳೆ ಹೇಗಿದೆ? ಮಕ್ಕಳು ಕೇಳಿದರೆ ಸಂತೆಯಲ್ಲಿ ಉತ್ತರ ಹೇಳದವರು ಕಡಿಮೆ. ಸೊಪ್ಪಿನ ಹೆಸರು ಕೇಳಿದ ಮಗುವಿಗೆ ಅದರ ರುಚಿಯನ್ನೂ ಅಡಿಗೆಯನ್ನೂ ಹೇಳಿ, ಮೇಲೊಂದು ಸೂಡು ಕೊಸರು ಹಾಕುವ ಅಜ್ಜಿಯರು ನಾಲ್ಕೂ ಊರುಗಳಲ್ಲಿ ಇನ್ನೂ ಇದ್ದಾರೆ. ಕೇಳುವ ಮಕ್ಕಳು ಬಂದರೆ ಬೆಳೆಯುವ ಕೈಗಳಿಗೂ ಹುರುಪು ಬರುತ್ತದೆ. ಕೊಳ್ಳುವವರಿಲ್ಲದ ಸೊಪ್ಪಿನ ಬೀಜವನ್ನು ಯಾರೂ ಎತ್ತಿಡುವುದಿಲ್ಲ.

ಕೊನೆಯ ಬಸ್ಸು ಬಂದಾಗ ಖಾಲಿ ಬುಟ್ಟಿಗಳು ಒಂದರೊಳಗೊಂದು ಕೂತು ಮೇಲೇರುತ್ತವೆ. ಬುಟ್ಟಿಯ ತಳದಲ್ಲಿ ಮನೆಗೆ ಕೊಂಡ ಉಪ್ಪು, ಬೆಲ್ಲ, ಒಂದು ಸಾಬೂನು, ಮೊಮ್ಮಗಳಿಗೆ ಒಂದು ನೋಟ್‌ಬುಕ್ಕು. ಮೈದಾನದಲ್ಲಿ ಉಳಿದ ಎಲೆ, ಸಿಪ್ಪೆಗಳಿಗೆ ದನಗಳು ಬಂದು ಬಾಯಿ ಹಾಕುತ್ತವೆ. ಸ್ವಲ್ಪ ಹೊತ್ತಿಗೆ ಅಲ್ಲಿ ಏನೂ ಇರಲಿಲ್ಲವೆಂಬಂತೆ ನೆಲ ಬರಿದಾಗುತ್ತದೆ. ಬಸ್ಸಿನೊಳಗೆ ಕಿಟಕಿಗೆ ತಲೆಯಾನಿಸಿದ ಸೊಪ್ಪಿನವಳು ಕಣ್ಣು ಮುಚ್ಚಿಕೊಂಡೇ ಬೆರಳು ಮಡಿಚುತ್ತಾಳೆ. ನಾಳೆ ನೀರು ಹಾಯಿಸಬೇಕು, ನಾಡಿದ್ದು ಇನ್ನೊಂದು ಮಡಿಗೆ ಬೀಜ ಚೆಲ್ಲಬೇಕು. ಅಲ್ಲಿಂದ ಮುಂದಿನ ಸಂತೆಗೆ ಎಷ್ಟು ದಿನ ಎಂಬುದು ಅವಳ ಎಣಿಕೆ.